ಇರಲಿ ಎಂದರೆ ಇರುವ ಕಂಪ್ಯೂಟರು

ನನ್ನ ಕೈ ಸುಮ್ಮನಿರುವ ಕೈಯಲ್ಲ. ಕೆಟ್ಟದ್ದನ್ನು ಕಂಡರೆ ಸರಿ ಮಾಡಲು ಹೋಗುತ್ತದೆ, ಸರಿಯಿದ್ದದ್ದನ್ನು ಕಂಡರೆ ಇನ್ನೂ ಸ್ವಲ್ಪ ಸರಿ ಮಾಡಲು ಹೋಗುತ್ತದೆ. ಹೀಗೆ ಇನ್ನೂ ಸ್ವಲ್ಪ ಸರಿಯಾದ ವಸ್ತುಗಳೆಲ್ಲ ಯಡ್ತರೆಯ ನಮ್ಮ ಮನೆಯ ಅಟ್ಟದ ಮೇಲಿವೆ. ಒಂದು ರೇಡಿಯೋ, ಎರಡು ಇಸ್ತ್ರಿಪೆಟ್ಟಿಗೆ, ಬೆನ್ನ ಮೇಲೆ ಮಲಗಿಸಿದರೆ ಮಾತ್ರ ನಡೆಯುವ ಒಂದು ಗೋಡೆ ಗಡಿಯಾರ. ನಮ್ಮ ಮನೆಯ ಹೆಂಗಸರ ಕ್ರಮ ಬೇರೆ. ನನ್ನ ಅಮ್ಮನಾಗಲಿ ಹೆಂಡತಿ ಸುಮತಿಯಾಗಲಿ ಯಾರಿಗೂ ಯಾವ ಕೆಲಸವನ್ನೂ ಮಾಡು ಎನ್ನುವುದಿಲ್ಲ. ಕೆಲಸ ಆದ ಮೇಲೆ ಲೋಕ ಹೇಗಿರಬೇಕು ಎಂಬುದನ್ನಷ್ಟೇ ಹೇಳುತ್ತಾರೆ. "ನಾ ಮಿಂದ್ಕಂಡ್ ಬಪ್ಪತಿಗೆ ಕಾಯಿ ಹೆರ್ದ್ ಇರ್ಕ್" ಎಂದು, ಅಂದರೆ ತಾನು ಸ್ನಾನ ಮಾಡಿ ಬರುವಷ್ಟರಲ್ಲಿ ತೆಂಗಿನಕಾಯಿ ತುರಿದಿರಬೇಕು ಎಂದು, ಅಮ್ಮ ಬಚ್ಚಲಿಗೆ ಹೋಗುತ್ತಾರೆ. ಯಾರು ಹೆರೆಯಬೇಕು, ಹೆರೆಮಣೆ ಎಲ್ಲಿದೆ, ಕಾಯಿ ಸುಲಿದವರು ಯಾರು, ಇದೊಂದೂ ಆ ವಾಕ್ಯದಲ್ಲಿಲ್ಲ. ಆದರೆ ಅವರು ಮಿಂದು ಬರುವಾಗ ಕಾಯಿ ಹೆರೆದೇ ಇರುತ್ತದೆ, ನನ್ನ ಬೆರಳಿಗೊಂದು ಗಾಯವೂ ಇರುತ್ತದೆ. ಮಾಡುವವನಾಗಿ ಹುಟ್ಟಿದ ನನಗೆ, ಹೀಗೆ 'ಇರಲಿ' ಎಂದು ಹೇಳಿ ಸುಮ್ಮನೆ ಕುಳಿತುಕೊಳ್ಳುವ ಯೋಗ ಒಮ್ಮೆಯಾದರೂ ಬರಬೇಕೆಂದು ಬಹಳ ವರ್ಷಗಳ ಆಸೆ.

ಆ ಯೋಗ ತಂದವರು ಬಿಜೂರಿನ ಶೆಟ್ರು. ನಾನು ಕುಂದಾಪುರದ ಕಾಲೇಜೊಂದರಲ್ಲಿ ಗ್ರಂಥಪಾಲಕ, ಅವರು ಅಲ್ಲೇ ಕಂಪ್ಯೂಟರ್ ಪಾಠ ಹೇಳುವವರು. ಬೆಳಗಿನ ಬಸ್ಸಿಗೆ ನಾನು ಬೈಂದೂರಿನಲ್ಲಿ ಹತ್ತಿ ಅವರಿಗೊಂದು ಸೀಟು ಹಿಡಿದಿಟ್ಟರೆ, ಅವರು ಬಿಜೂರಿನಲ್ಲಿ ಹತ್ತಿ ಕುಂದಾಪುರದವರೆಗೂ ನನಗೆ ಬುದ್ಧಿ ಹೇಳುತ್ತಾರೆ. ಮನೆಯ ಕಂಪ್ಯೂಟರಿಗೆ ನಾನು ದಿನಕ್ಕೊಂದು ರಿಪೇರಿ ಮಾಡಿ ಅದನ್ನು ಅಟ್ಟದ ಮೆಟ್ಟಿಲವರೆಗೆ ತಂದ ಕಾಲ ಅದು. ನನ್ನ ಗೋಳು ಕೇಳಿ ಶೆಟ್ರು ಹೇಳಿದರು, "ಹ್ವಾಯ್, ನೀವ್ ಕಂಪ್ಯೂಟರಿಗೆ ಅದ್ ಮಾಡ್, ಇದ್ ಮಾಡ್ ಅಂಬುದೇ ತಪ್ಪ್ ಮಾರಾಯ್ರೆ. ನಿಕ್ಸ್ ಅಂದ್ ಒಂದ್ ಲಿನಕ್ಸ್ ಇತ್ತ್. ಅದ್ರಂಗೆ ಎಂತೆಂತ ಇರ್ಕ್ ಅಂದ್ ಒಂದ್ ಚೀಟಿ ಬರ್ದ್ ಕೊಟ್ರೆ ಆಯ್ತ್. ಉಳ್ದದ್ದ್ ಅದೇ ಮಾಡ್ಕಂತ್ತ್. ನೀವ್ ಕೈ ಹಾಕುದೇ ಬ್ಯಾಡ."

ಚೀಟಿ ಎಂದ ಕೂಡಲೇ ನನಗೆ ಅರ್ಥವಾಯಿತು. ಹಾಲಾಡಿ ಕಡೆಯ ಅಡುಗೆ ಭಟ್ಟರೊಬ್ಬರು ನಮ್ಮ ಮನೆಯ ಎಲ್ಲ ಊಟಗಳಿಗೂ ಬರುವವರು. ಅವರು ಮುಂಚಿನ ವಾರ ಬಂದು ಜಗುಲಿಯಲ್ಲಿ ಕುಳಿತು, ಜನ ಎಷ್ಟು ಎಂದು ಕೇಳಿ ಒಂದು ಚೀಟಿ ಬರೆಯುತ್ತಾರೆ. ಆ ಚೀಟಿಯ ಪ್ರಕಾರ ಸಾಮಾನು ಬಂದರೆ ಸಾಕು, ಊಟ ಹಾಲಾಡಿಯಲ್ಲಿ ಆದರೂ ಒಂದೇ ರುಚಿ, ಬೈಂದೂರಿನಲ್ಲಿ ಆದರೂ ಒಂದೇ ರುಚಿ. ನಿನ್ನೆ ಆ ಒಲೆಯ ಮೇಲೆ ಏನು ಬೆಂದಿತ್ತು ಎಂಬುದರ ಋಣ ಇವತ್ತಿನ ಸಾರಿಗಿಲ್ಲ. ಚೀಟಿಯಲ್ಲಿಲ್ಲದ ಒಂದು ಕೊತ್ತಂಬರಿ ಸೊಪ್ಪೂ ಅಡುಗೆಮನೆ ಹೊಗುವಂತಿಲ್ಲ. ಕಂಪ್ಯೂಟರನ್ನು ನಡೆಸುವ ಈ ನಿಕ್ಸ್ ತಂತ್ರಾಂಶವೂ ಹಾಗೆಯೇ. ಅದರಲ್ಲಿ ಒಂದೊಂದು ಪ್ಯಾಕೇಜೂ, ಅಂದರೆ ಒಂದೊಂದು ಪ್ರೋಗ್ರಾಮೂ, ತನಗೆ ಬೇಕಾದದ್ದನ್ನು ತಾನೇ ಕಟ್ಟಿಕೊಂಡು ಬರುತ್ತದೆ, ಮದುವೆಮನೆಗೆ ಬಂದ ನೆಂಟರು ತಂತಮ್ಮ ತಲೆದಿಂಬನ್ನು ತಾವೇ ತಂದ ಹಾಗೆ. ಒಬ್ಬರ ದಿಂಬನ್ನು ಇನ್ನೊಬ್ಬರು ಎಳೆದುಕೊಂಡರು ಎಂಬ ಜಗಳವಿಲ್ಲ. ಅಲ್ಲದೆ, ಚೀಟಿ ಬದಲಿಸಿದಾಗಲೆಲ್ಲ ಹಳೆಯ ವ್ಯವಸ್ಥೆಯನ್ನು ಅದು ಹಾಗೆಯೇ ಎತ್ತಿಡುತ್ತದೆ. ಹೊಸ ಅಡುಗೆ ಕೆಟ್ಟರೆ ಎದ್ದು ಹೋಗಿ ನಿನ್ನೆಯ ಪಂಕ್ತಿಯಲ್ಲೇ ಕೂರಬಹುದು.

ಇಷ್ಟು ಒಳ್ಳೆಯದಕ್ಕೆ ಸ್ವಲ್ಪ ಕಷ್ಟ ಇರಬೇಕಲ್ಲ. ಆ ಚೀಟಿಯಲ್ಲಿ ಪ್ರತಿ ಮಾತಿನ ಕೊನೆಗೂ ಒಂದು ಅರ್ಧವಿರಾಮ ಹಾಕಬೇಕು. ಒಂದು ಬಿಟ್ಟುಹೋದರೆ ಕಂಪ್ಯೂಟರು ಮೂರು ಪುಟ ಬೈಯುತ್ತದೆ, ಆದರೆ ಎಲ್ಲಿ ಬಿಟ್ಟಿದ್ದೇನೆಂದು ನೆಟ್ಟಗೆ ಹೇಳುವುದಿಲ್ಲ. ಸುಮತಿ ಬೈಂದೂರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನನ್ನ ಹಿಂದೆ ನಿಂತು ನೋಡಿ, "ಮಕ್ಳ್ ಅರ್ಧವಿರಾಮ ಬಿಟ್ರೆ ನಾ ಅರ್ಧ ಅಂಕ ಕಳೀತೆ. ನಿಮ್ ಮಿಷನ್ ಸೀದಾ ಸೊನ್ನೆ ಕೊಡತ್ತ್. ನಮ್ ಶಾಲಿಗೆ ಇಂಥದ್ದೊಂದ್ ಟೀಚರ್ ಬೇಕಿತ್ತ್" ಎಂದಳು. ಅಂತೂ ಎರಡು ತಿಂಗಳಲ್ಲಿ ಎಲ್ಲ ಕೂತುಕೊಂಡಿತು. ಅಭ್ಯಾಸಬಲದಿಂದ ಒಮ್ಮೆ ಒಳಗಿನ ಯಾವುದೋ ಕಡತವನ್ನು ಕೈಯಾರೆ ತಿದ್ದಲು ಹೋದರೆ, ತಿದ್ದುವ ಅನುಮತಿ ನಿನಗಿಲ್ಲ ಎಂದಿತು. ಒಂದು ಯಂತ್ರ ನನ್ನ ಕೈ ಹಿಡಿದು ನಿಲ್ಲಿಸಿದ್ದು ಅದೇ ಮೊದಲು. ನನಗೆ ಬೇಸರವಾಗಲಿಲ್ಲ, ಗೌರವ ಬಂತು. ಪ್ರತಿ ಸಾಲಿನ ಪಕ್ಕದಲ್ಲಿ ಅದು ಯಾಕಿದೆ ಎಂದು ಕನ್ನಡದಲ್ಲೇ ಟಿಪ್ಪಣಿ ಬರೆದಿಟ್ಟೆ. 'ಇದು ಪ್ರಿಂಟರಿಗೆ.' 'ಇದು ಅಮ್ಮ ಭಜನೆ ಕೇಳಲು.' ಒಂದು ಸಾಲಿನ ಪಕ್ಕ ಮಾತ್ರ, 'ಇದು ಯಾಕೆಂದು ಶೆಟ್ರನ್ನು ಕೇಳಬೇಕು' ಎಂದಿತ್ತು. ಕೇಳಲು ಮರೆತಿದ್ದೆ.

ಆ ವರ್ಷ ಮಧ್ಯವಾರ್ಷಿಕ ಪರೀಕ್ಷೆಗೆ ಹತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ಸುಮತಿಗೆ ಬಂತು. ಅವಳಿಗದು ಮೊದಲ ಸಲ. ಹಿಂದಿನ ವರ್ಷ ಇನ್ಯಾರೋ ತಯಾರಿಸಿದ ಪತ್ರಿಕೆ ಪರೀಕ್ಷೆಯ ಮುಂಚಿನ ದಿನವೇ ಮಕ್ಕಳ ಕೈಯಲ್ಲಿ ಓಡಾಡಿತ್ತು. ಹಾಗಾಗಿ ಹೆಡ್‌ಮಾಸ್ಟರು ಈ ಸಲ ಕಟ್ಟುನಿಟ್ಟು. ಪತ್ರಿಕೆ ಮನೆಯಿಂದ ಹೊರಗೆ ಹೋಗಬಾರದು, ನಲವತ್ತೆರಡು ಪ್ರತಿ ಮುದ್ರಿಸಿ ಲಕೋಟೆಗೆ ಹಾಕಿ ಶನಿವಾರ ಬೆಳಗ್ಗೆ ಎಂಟೂವರೆಗೆ ತಂದುಕೊಡಬೇಕು. ಊರಿನ ಡಿಟಿಪಿ ಅಂಗಡಿಯವನ ಮಗಳು ಅದೇ ಹತ್ತನೆಯಲ್ಲಿ ಓದುವವಳು. ಜೆರಾಕ್ಸ್ ಅಂಗಡಿಯೂ ಅವನದ್ದೇ. "ನಮ್ಮನಿಯಂಗೇ ಕಂಪ್ಯೂಟರ್ ಇತ್ತ್, ಪ್ರಿಂಟರ್ ಇತ್ತ್, ನಮ್ಮನೆಯವ್ರ್ ಎಲ್ಲ ಸಮ ಮಾಡಿ ಇಟ್ಟಿದ್ರ್ ಅಂದ್ ಹೇಳಿ ಬಂದಿದೆ" ಎಂದಳು ಸುಮತಿ. ನನ್ನ ಬಗ್ಗೆ ಅವಳು ಹೊರಗೆ ಇಷ್ಟು ಒಳ್ಳೆಯ ಮಾತಾಡಿದ್ದು ನನಗೆ ತಿಳಿದಂತೆ ಅದೇ ಮೊದಲು. ವಾರವಿಡೀ ಕುಳಿತು ಪತ್ರಿಕೆಯನ್ನು ಟೈಪು ಮಾಡಿದಳು. ನಾನು ಹತ್ತಿರ ಹೋದರೆ ಪರದೆಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು.

ಶುಕ್ರವಾರ ನಮ್ಮಲ್ಲಿ ಹೊಸ್ತು, ಅಂದರೆ ಹೊಸ ಅಕ್ಕಿಯ ಊಟದ ಹಬ್ಬ. ಹೊಸ್ತಿಗೆ ಮುಂಚೆ ಮನೆಯ ಮೂಲೆಮೂಲೆ ಗುಡಿಸಿ ಹಳೆಯದನ್ನೆಲ್ಲ ಹೊರಗೆ ಹಾಕುವುದು ಕ್ರಮ. ಗುರುವಾರ ರಜೆ ಹಾಕಿ ಮಾಡಿನ ಜೇಡನ ಬಲೆ ತೆಗೆದೆ, ಅಂಗಳ ಕೆರೆದೆ. ಅಮ್ಮ, "ಎಲ್ಲ ಚಂದ ಇರ್ಕ್ ಮಗಾ" ಎಂದಿದ್ದರು. ಎಲ್ಲ ಎಂದರೆ ಎಲ್ಲ ಎಂದುಕೊಂಡು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತೆ. ಚೀಟಿಯನ್ನು ಮೇಲಿಂದ ಕೆಳಗೆ ಓದಿ, ಯಾಕಿದೆಯೆಂದು ನನಗೇ ಗೊತ್ತಿಲ್ಲದ ಆ ಒಂದು ಸಾಲನ್ನು ಅಳಿಸಿದೆ. ಹೊಸ ಚೀಟಿ ಕೊಟ್ಟೆ, ಕಂಪ್ಯೂಟರು ಒಂದು ತಕರಾರೂ ಇಲ್ಲದೆ ಒಪ್ಪಿಕೊಂಡಿತು. ಆ ಸಂತೋಷದಲ್ಲಿ, ಅದು ಇಷ್ಟು ದಿನ ಎತ್ತಿಟ್ಟಿದ್ದ ಹಳೆಯ ವ್ಯವಸ್ಥೆಗಳನ್ನೆಲ್ಲ ಒಂದೇ ಆಜ್ಞೆಯಲ್ಲಿ ಗುಡಿಸಿ ಹಾಕಿದೆ. ಅರವತ್ತಕ್ಕೂ ಹೆಚ್ಚಿದ್ದವು. ಡಿಸ್ಕು ಅಂಗಳದಷ್ಟೇ ಚೊಕ್ಕಟವಾಯಿತು. ನಿನ್ನೆಯ ಪಂಕ್ತಿಗೆ ಹೋಗಿ ಕೂರುವ ದಾರಿಯನ್ನೂ ಗುಡಿಸಿದ್ದೇನೆಂದು ಆಗ ಹೊಳೆಯಲಿಲ್ಲ.

ಸಂಜೆ ಸುಮತಿ ಪತ್ರಿಕೆ ತೆರೆದರೆ ಒಂದು ಅಕ್ಷರವೂ ಇಲ್ಲ. ಪುಟದ ತುಂಬ ಚೌಕ, ಚೌಕ, ಚೌಕ. ಸಾಲುಗಳ ಕೊನೆಯಲ್ಲಿ ಅಂಕಗಳು ಮಾತ್ರ ಇಂಗ್ಲಿಷಿನಲ್ಲಿ ಉಳಿದಿದ್ದವು. ನಾನು ಅಳಿಸಿದ್ದು ಕನ್ನಡ ಅಕ್ಷರಗಳ ಫಾಂಟಿನ ಸಾಲು. ಬೇರೇನನ್ನೂ ಅಳಿಸಿಲ್ಲವೆಂದು ಖಚಿತ ಮಾಡಿಕೊಳ್ಳಲು ಚೀಟಿ ತೆರೆದರೆ ನನ್ನ ಕನ್ನಡ ಟಿಪ್ಪಣಿಗಳೂ ಚೌಕವಾಗಿದ್ದವು. ಸುಮತಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಹೆಡ್‌ಮಾಸ್ಟ್ರಿಗೆ ನಾ ಎಂತ ಹೇಳುದ್?" ಎಂದು ಕೇಳಿದಳು.

ಸಾಲನ್ನು ಮತ್ತೆ ಬರೆಯುವುದು ಕಷ್ಟವಲ್ಲ, ಬರೆದೆ. ಆದರೆ ಫಾಂಟನ್ನು ಪೂರ್ತಿ ಗುಡಿಸಿದ್ದರಿಂದ ಕಂಪ್ಯೂಟರು ಅದನ್ನು ಇಂಟರ್‌ನೆಟ್ಟಿನಿಂದ ಮತ್ತೆ ತರಬೇಕು. ಹೆದ್ದಾರಿ ಅಗಲ ಮಾಡುವವರು ಹಿಂದಿನ ದಿನವಷ್ಟೇ ನಮ್ಮ ಮನೆಗೆ ನೆಟ್ಟು ತರುವ ಫೋನಿನ ಕೇಬಲ್ಲನ್ನು ಮಣ್ಣಿನ ಜತೆ ಎತ್ತಿ ಲಾರಿಗೆ ಹಾಕಿದ್ದರು. ನಮ್ಮಲ್ಲಿ ಮೊಬೈಲಿನ ಸಿಗ್ನಲ್ಲು ಮಾತಿಗಷ್ಟೇ ಸಾಕು, ನೆಟ್ಟಿಗೆ ಸಾಲದು. ಬಾವಿಕಟ್ಟೆಯ ಹತ್ತಿರ ನಿಂತು ಮೊಬೈಲಿನಲ್ಲಿ ಶೆಟ್ರಿಗೆ ಹೇಳಿದೆ. ಪತ್ರಿಕೆಯನ್ನು ಪೆನ್‌ಡ್ರೈವಿನಲ್ಲಿ ಅವರ ಮನೆಗೆ ಒಯ್ದು ಮುದ್ರಿಸೋಣ ಎಂದರೆ ಸುಮತಿ ಒಳಗಿಂದಲೇ, "ಶೆಟ್ರ ತಂಗಿ ಮಗ ನನ್ ಕ್ಲಾಸಂಗೇ ಇಪ್ದ್" ಎಂದಳು. ಬೈಂದೂರಿನಲ್ಲಿ ಹತ್ತನೆಯಲ್ಲಿ ಓದುವ ನೆಂಟರಿಲ್ಲದ ಮನೆ ನಮ್ಮದೊಂದೇ ಇರಬೇಕು. ಶೆಟ್ರು ಅತ್ತ ನಗುತ್ತಿದ್ದರು. "ಪತ್ರಿಕೆ ಬ್ಯಾಡ, ನಾಳೆ ಊಟ ಆದ್ ಮೇಲೆ ನೀವೇ ಬನ್ನಿ. ಫಾಂಟ್ ಕೊಡ್ತೆ. ಅದನ್ನ್ ನಿಮ್ ಸ್ವಂತ ಫೋಲ್ಡರಿಗೆ ಕೈಯಂಗೇ ಹಾಕಿ."

"ಕೈಯಂಗಾ? ಚೀಟಿಯಂಗ್ ಬರೀದೆ ಹಾಕುದ್ ತಪ್ಪಲ್ದಾ ಶೆಟ್ರೆ?"

"ಈಗ ನಿಮ್ಗೆ ಮಡಿ ಬೇಕಾ, ಮನಿ ಬೇಕಾ?"

ಶುಕ್ರವಾರ ಹೊಸ ಅಕ್ಕಿಯ ಊಟ ಗಂಟಲಲ್ಲಿ ಇಳಿಯುವ ಮೊದಲೇ ಬಿಜೂರಿಗೆ ಹೋಗಿ, ಫಾಂಟು ತಂದು, ಯಾವ ಚೀಟಿಯಲ್ಲೂ ಬರೆಯದೆ ಕಳ್ಳನ ಹಾಗೆ ಫೋಲ್ಡರಿನೊಳಗೆ ಹಾಕಿದೆ. ಚೌಕಗಳೆಲ್ಲ ಕನ್ನಡವಾದವು. ಹೊರಗೆ ಇನ್ನೂ ಬಿಸಿಲಿತ್ತು. ಮುದ್ರಿಸು ಎಂದು ಒತ್ತಿದೆ. ಪ್ರಿಂಟರು ಗುರುಗುಟ್ಟಿ ಹಾಳೆಯನ್ನು ಅರ್ಧ ಹೊರಗೆ ಹಾಕಿತು. ಹಾಳೆ ಒಂದು ಹಲಸಿನ ಎಲೆಗೆ ಹಣೆ ತಾಗಿಸಿ, ಬಗ್ಗಿ, ಮಡಚಿಕೊಂಡು ವಾಪಸು ಒಳಗೆ ಹೋಯಿತು. ಕಂಪ್ಯೂಟರು ಮಾತ್ರ ಮುದ್ರಣ ಯಶಸ್ವಿ ಎಂದಿತು.

ಹೊಸ್ತಿನ ಬೆಳಗ್ಗೆ ಗದ್ದೆಯಿಂದ ಕದಿರು, ಅಂದರೆ ಭತ್ತದ ತೆನೆ ತಂದು, ಮಾವಿನ ಎಲೆ ಹಲಸಿನ ಎಲೆಯೊಳಗೆ ಇಟ್ಟು, ನಾರಿನಲ್ಲಿ ಬಾಗಿಲಿಗೆ, ಬಾವಿಗೆ, ತೆಂಗಿನ ಮರಕ್ಕೆ, ನೇಗಿಲಿಗೆ ಕಟ್ಟುವುದು ನಮ್ಮ ಕಡೆಯ ಪದ್ಧತಿ. ಮನೆಗೆ ಅನ್ನ ಕೊಡುವ ಯಾವುದನ್ನೂ ಬಿಡುವಂತಿಲ್ಲ. ಅಮ್ಮನ ಪಟ್ಟಿ ಕಾಲಕ್ಕೆ ತಕ್ಕ ಹಾಗೆ ಬೆಳೆದು ಮಿಕ್ಸಿ, ನನ್ನ ಸ್ಕೂಟರು ಎಲ್ಲವನ್ನೂ ಸೇರಿಸಿಕೊಂಡಿದೆ. ಈ ವರ್ಷ ಸೊಸೆ ವಾರವಿಡೀ ಅದರ ಮುಂದೆ ಕುಳಿತದ್ದನ್ನು ಕಂಡು ಪ್ರಿಂಟರಿಗೂ ಒಂದು ಭರ್ತಿ ಕದಿರು ಕಟ್ಟಿದ್ದರು, ಹಾಳೆ ಹೊರಬರುವ ಬಾಯಿಗೆ ಸರಿಯಾಗಿ.

"ಅಮ್ಮ, ಅದ್ರ ಬಾಯಿಗೇ ಯಾಕೆ ಕಟ್ಟಿದ್ದ್?"

"ಅಕ್ಷರ ಹೊರ್ಗೆ ಬಪ್ಪು ಬಾಗ್ಲ್ ಅದೇ ಅಲ್ದಾ? ಬಾಗ್ಲಿಗೆ ಕಟ್ಟುದ್ ಬಿಟ್ಟ್ ಮತ್ತೆಲ್ಲಿಗೆ ಕಟ್ಟುದ್?"

"ಒಂಚೂರ್ ಬದಿಗೆ ಕಟ್ಟುಕಾತ್ತಾ?"

ಅಮ್ಮ ನನ್ನನ್ನು ನೋಡಿದ ರೀತಿಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಕಟ್ಟಿದ್ ಕದ್ರ್ ಬಿಚ್ಚುದಾ? ಬಪ್ಪು ವರ್ಷದ್ ಹೊಸ್ತಿನ ತನಕ ಅದ್ ಅಲ್ಲೇ ಇರ್ಕ್. ಬಾವಿಗ್ ಕಟ್ಟಿದ್ ಕದ್ರ್ ಹಗ್ಗಕ್ಕೆ ತಾಗತ್ತ್ ಅಂದ್ ನಿನ್ ಅಪ್ಪಯ್ಯ ಒಂದ್ ವರ್ಷ ಇಡೀ ಓರೆ ನಿತ್ಕಂಡ್ ನೀರ್ ಸೇದ್ರ್. ಬಿಚ್ಚಲಿಲ್ಲೆ."

ನಾನು ಬಿಚ್ಚಲಾರೆ, ಸುಮತಿಯೂ ಬಿಚ್ಚಲಾರಳು. ಬೆಳಗ್ಗೆ ಎಂಟೂವರೆ ನಮಗಾಗಿ ಕಾಯುವುದಿಲ್ಲ. ನಾನು ತಂತಿ, ಇಕ್ಕುಳ, ರಟ್ಟು ಎಂದು ಅಟ್ಟ ಹತ್ತಲು ಹೊರಟರೆ ಸುಮತಿ ತಡೆದಳು. "ಎಂತದೂ ಬ್ಯಾಡ. ನಾ ಒಂದೊಂದೇ ಹಾಳೆ ಹಾಕ್ತೆ. ನೀವ್ ಕದ್ರ್ ಎತ್ತಿ ಹಿಡ್ಕಣಿ. ಮೋರಿ ಮಾತ್ರ ಗೋಡಿ ಬದಿಗಿರ್ಲಿ, ಪ್ರಶ್ನೆ ಕಾಂಬುಕಾಗ." ಹೀಗೆ ನಾನು ಗೋಡೆಯ ಕಡೆ ಮುಖ ಮಾಡಿ, ಎರಡೂ ಕೈಯ ಬೆರಳ ತುದಿಯಲ್ಲಿ ಕದಿರನ್ನು ಎತ್ತಿ ಹಿಡಿದು ನಿಂತೆ. ಒಂದು ಪತ್ರಿಕೆಗೆ ಎರಡು ಹಾಳೆ, ಒಟ್ಟು ಎಂಬತ್ತನಾಲ್ಕು. ಮೂವತ್ತನೆಯ ಹಾಳೆಗೆ ಭುಜ ಸೋತಿತು, ಐವತ್ತಕ್ಕೆ ಬೆರಳು ಯಾರದೋ ಆಯಿತು. ಅಮ್ಮ ಚಾ ತಂದಿಟ್ಟು ಹತ್ತಿರವೇ ಕುಳಿತು, "ಕೈ ನಡುಗ್ಸ್‌ಬೇಡ ಮಗಾ, ಭತ್ತ ಉದುರತ್ತ್" ಎಂದು ಮೇಲ್ವಿಚಾರಣೆ ಮಾಡಿದರು. ಚಾ ಕುಡಿಯಲು ಕೈಯೊಂದೂ ಬಿಡುವಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಲಕೋಟೆ ತುಂಬಿತು.

ಶನಿವಾರ ಮಧ್ಯಾಹ್ನ ಸುಮತಿ ಬಂದ ನಡಿಗೆಯಲ್ಲೇ ಗೊತ್ತಾಯಿತು, ಎಲ್ಲ ಒಳ್ಳೆಯದಾಗಿದೆ ಎಂದು. ಲಕೋಟೆ ಹೇಳಿದ ಸಮಯಕ್ಕೆ ತಲುಪಿತ್ತು, ಅಚ್ಚು ಚಂದವಿತ್ತು, ಒಂದು ಪ್ರಶ್ನೆಯೂ ಹೊರಗೆ ಹೋಗಿರಲಿಲ್ಲ. ಹೆಡ್‌ಮಾಸ್ಟರು ಎಲ್ಲರೆದುರು ಹೊಗಳಿದ್ದರಂತೆ. ಹೊಗಳಿ ಅಷ್ಟಕ್ಕೇ ನಿಲ್ಲಿಸದೆ, ಉಳಿದ ಐದು ವಿಷಯಗಳ ಪತ್ರಿಕೆಯೂ ನಿಮ್ಮ ಮನೆಯಲ್ಲೇ ಆಗಲಿ, ಮುಂದೆ ವಾರ್ಷಿಕ ಪರೀಕ್ಷೆಯದ್ದೂ ಅಲ್ಲೇ ಆಗಲಿ ಎಂದು ಅಪ್ಪಣೆ ಕೊಟ್ಟಿದ್ದರು. ಕದಿರು ಹಿಡಿದು ನಿಂತವನ ಕಥೆಯನ್ನೂ ಸುಮತಿ ಅಲ್ಲಿ ಎಲ್ಲರಿಗೂ ಹೇಳಿ ಬಂದಿದ್ದಳು.

ಭಾನುವಾರ ಕೇಬಲ್ಲು ಸರಿಯಾಯಿತು. ನಾನು ಫಾಂಟಿನ ಸಾಲಿನ ಪಕ್ಕ ದಪ್ಪಗೆ ಟಿಪ್ಪಣಿ ಬರೆದು, ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಶುದ್ಧ ಮಾಡಿ ಒಪ್ಪಿಸಿದೆ. ಈಗ ಈ ಮನೆ ಸುಟ್ಟುಹೋದರೂ ಇದೊಂದು ಚೀಟಿಯಿಂದ ಇಂಥದ್ದೇ ಕಂಪ್ಯೂಟರನ್ನು ಎಲ್ಲಿ ಬೇಕಾದರೂ ಎಬ್ಬಿಸಬಹುದು, ಒಬ್ಬ ಮನುಷ್ಯನೂ ಬೆರಳೆತ್ತಬೇಕಿಲ್ಲ ಎಂದು ಶೆಟ್ರಿಗೆ ಫೋನು ಮಾಡಿ ಹೇಳುತ್ತಿದ್ದೆ. ಆಗ ಸುಮತಿಯ ಮೊಬೈಲಿಗೆ ಅವಳ ಶಾಲೆಯ ಗಣಿತದ ಟೀಚರು ಕರೆ ಮಾಡಿದರು. ಕರೆಂಟು ಇದೆಯಾ, ನೆಟ್ಟು ಇದೆಯಾ, ಹಾಳೆ ಇದೆಯಾ ಎಂದೇನೂ ಅವರು ಕೇಳಲಿಲ್ಲ. "ಹಿಡ್ಕಂಬವ್ರ್ ಮನಿಯಂಗ್ ಇದ್ರಾ?" ಎಂದಷ್ಟೇ ಕೇಳಿದ್ದು ನನಗೂ ಕೇಳಿಸಿತು.

"ಇದ್ರ್, ಬನ್ನಿ" ಎಂದಳು ಸುಮತಿ.

ನಾನು ಶೆಟ್ರ ಫೋನು ಇಟ್ಟು, ಗೋಡೆಯ ಕಡೆಗೆ ಹೋಗಿ ನಿಂತೆ.