ಬೆಂಕಿಪೊಟ್ಟಣವಿಲ್ಲದ ಊದುಬತ್ತಿ ಕಾರ್ಖಾನೆ

ಬೆಂಕಿ ಅನಾಹುತ ತಡೆಯುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಜಯನಗರದ ಹೋಟೆಲೊಂದರ ತಂಪು ಸಭಾಂಗಣದಲ್ಲಿ ಒಂದೇ ದಿನದ ತರಬೇತಿಗೆ ಕೂತು ನಾನು ಅದನ್ನು ಪೂರ್ತಿ ಕಲಿತೆ. ಬೆಳಿಗ್ಗೆ ಸ್ಫೋಟಗಳ ಚಿತ್ರ ತೋರಿಸಿದರು, ಮಧ್ಯಾಹ್ನ ಭರ್ಜರಿ ಊಟ ಹಾಕಿದರು. ಊಟದ ನಂತರ ಏನು ಹೇಳಿದರೋ ಅಷ್ಟಾಗಿ ನೆನಪಿಲ್ಲ. ಸಂಜೆ ಪ್ರಮಾಣಪತ್ರ ಮಾತ್ರ ಕೈಗೆ ಬಂತು!

ಬ್ಯಾಂಕಿನಿಂದ ನಿವೃತ್ತನಾಗಿ ಮನೆಯಲ್ಲಿ ತಲೆ ತಿನ್ನುತ್ತಿದ್ದ ನನ್ನನ್ನು ಹೆಂಡತಿ ವಸಂತಾ ಉಪಾಯವಾಗಿ ತನ್ನ ತಮ್ಮ ಸುರೇಶನ ಹತ್ತಿರ ಸಾಗಹಾಕಿದ್ದಳು. ತಲಘಟ್ಟಪುರದಲ್ಲಿ ಅವನದೊಂದು ಊದುಬತ್ತಿ ಕಾರ್ಖಾನೆ. ಕಡ್ಡಿಗಳನ್ನು ಸೆಂಟಿನಲ್ಲಿ ಅದ್ದಿ, ಒಣಗಿಸಿ, ಪ್ಯಾಕ್ ಮಾಡುತ್ತಾರೆ. ಸೆಂಟ್ ರೂಮಿನ ಕ್ಯಾನುಗಳೋ, ಒಂದು ಕಿಡಿ ತಾಗಿದರೆ ಭಗ್ಗೆನ್ನುವಂಥವು. ದೊಡ್ಡ ಕಂಪನಿಯೊಂದು ದಸರೆಗೆ ಭಾರಿ ಆರ್ಡರ್ ಕೊಡುವುದರಲ್ಲಿತ್ತು. ಆದರೆ ಮೊದಲು ಅವರ ಸುರಕ್ಷತಾ ಅಧಿಕಾರಿ ಬಂದು, ನೋಡಿ, ಒಪ್ಪಬೇಕು. ಒಪ್ಪದಿದ್ದರೆ ಆರ್ಡರ್ ಇಲ್ಲ, ಪ್ಯಾಕಿಂಗ್ ಹೆಂಗಸರಲ್ಲಿ ಅರ್ಧ ಜನಕ್ಕೆ ಕೆಲಸವೂ ಇಲ್ಲ.

“ಭಾವ, ಈ ಸೇಫ್ಟಿ ವಿಷ್ಯ ನೀವೇ ನೋಡ್ಕೊಳ್ಳಿ,” ಎಂದು ಸುರೇಶ ನನ್ನನ್ನು ಆ ಒಂದು ದಿನದ ತರಬೇತಿಗೆ ಕಳಿಸಿದ್ದ. ಮನೆಯಲ್ಲಿ ಗೀಸರ್ ಆರಿಸುವುದನ್ನೇ ಮರೆಯುವ ಮನುಷ್ಯನಿಗೆ ಇದನ್ನು ವಹಿಸಿದ್ದೀಯಲ್ಲೋ ಎಂದು ವಸಂತಾ ಫೋನಿನಲ್ಲಿ ಅವನನ್ನು ಬೈದದ್ದು ನನಗೂ ಕೇಳಿಸಿತು. ಕೇಳಿಸದವನಂತೆ ಹೆಲ್ಮೆಟ್ ಹಾಕಿಕೊಂಡೆ. ಅಲ್ಲಿ ಮೇಲಿನಿಂದ ಬೀಳುವಂಥದ್ದೇನೂ ಇರಲಿಲ್ಲ. ಆದರೂ ಅಧಿಕಾರಕ್ಕೊಂದು ಟೋಪಿ ಬೇಕಲ್ಲ!

ಮೊದಲ ಆಜ್ಞೆ: ಬೆಂಕಿ ಹುಟ್ಟಿಸುವ ಯಾವ ವಸ್ತುವೂ ಯಾರ ಬಳಿಯೂ ಇರಕೂಡದು. ವಾಚ್‌ಮನ್‌ನ ಬೀಡಿ ಲೈಟರ್ ಹೋಯಿತು. ಟೀ ಕಾಯಿಸುವ ಒಲೆಯ ಲೈಟರ್ ಹೋಯಿತು, ಅದರ ಹಿಂದೆಯೇ ಟೀಯೂ ಹೋಯಿತು. ಆಫೀಸಿನ ಗಣಪತಿಯ ಬೆಂಕಿಪೊಟ್ಟಣ ಹೋಗಿ ಬ್ಯಾಟರಿ ದೀಪ ಬಂತು. ಪ್ಯಾಕಿಂಗ್ ನೋಡಿಕೊಳ್ಳುವ ರತ್ನಮ್ಮ, ಪ್ರತಿ ಬ್ಯಾಚಿನದೂ ಒಂದು ಕಡ್ಡಿ ಅಂಗಳದಲ್ಲಿ ಹಚ್ಚಿ ನೋಡದಿದ್ದರೆ ಹೇಗೆ ಎಂದು ಕೇಳಿದರು. ಹಚ್ಚದೆ ಮೂಸಿ ನೋಡತಕ್ಕದ್ದು ಎಂದು ಬೋರ್ಡು ಬರೆಸಿದೆ. ಬೋರ್ಡು ಇಂಗ್ಲಿಷಿನಲ್ಲಿತ್ತು. ಯಾರಿಗೂ ಅರ್ಥವಾಗದ ಕಾರಣ ಯಾರೂ ವಿರೋಧಿಸಲಿಲ್ಲ.

ಅಧಿಕಾರಿ ಬಂದರು. ಅಂಗಳದ ಮರಳಿನ ಬಕೆಟ್ಟುಗಳನ್ನು ನೋಡಿ ತಲೆಯಾಡಿಸಿದರು, ಬೆಂಕಿ ಆರಿಸುವ ಸಿಲಿಂಡರುಗಳನ್ನು ಮುಟ್ಟಿ ನೋಡಿ ಮೆಚ್ಚಿದರು. ಸುರೇಶನ ಮುಖ ಅರಳಿತು. ನಾನು ಹೆಲ್ಮೆಟ್ ಸರಿಮಾಡಿಕೊಂಡೆ. ಒಳಗೆ ಹೋಗುವ ಮುಂಚೆ ಇಲ್ಲೇ ಒಂದು ಕಡ್ಡಿ ಹಚ್ಚಿ ತೋರಿಸಿ, ವಾಸನೆ ನೋಡೋಣ ಎಂದರು ಅಧಿಕಾರಿ.

ಸುರೇಶ ಜೇಬು ತಡಕಿದ. ವಾಚ್‌ಮನ್ ನನ್ನ ಮುಖ ನೋಡಿದ. ಊದುಬತ್ತಿ ಕಾರ್ಖಾನೆಯಲ್ಲಿ ಊದುಬತ್ತಿ ಹಚ್ಚಲು ಗತಿಯಿಲ್ಲ!

“ಎಲ್ಲಾ ಈ ಸಾರ್ ಹತ್ರಾನೇ ಇದೆ,” ಎಂದರು ರತ್ನಮ್ಮ.

ನನ್ನ ಸಾಧನೆ ಮೆರೆಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೇ? ಎಲ್ಲವನ್ನೂ ಜಪ್ತಿ ಮಾಡಿ ಬೀಗ ಹಾಕಿ ಇಟ್ಟಿದ್ದೇನೆಂದು ಹೇಳಿ, ಅಧಿಕಾರಿಯನ್ನು ಕರೆದುಕೊಂಡು ನೇರ ಸೆಂಟ್ ರೂಮಿಗೆ ನಡೆದೆ. ಸೆಂಟ್ ದುಬಾರಿಯಾದ್ದರಿಂದ ಗಟ್ಟಿ ಬೀಗವಿದ್ದ ಬೀರು ಅಲ್ಲಿ ಮಾತ್ರ ಇತ್ತು. ಠೀವಿಯಿಂದ ಬೀರುವಿನ ಬಾಗಿಲು ತೆರೆದೆ. ಕೆಳಗೆ ಸೆಂಟಿನ ಕ್ಯಾನುಗಳು. ಮೇಲೆ ಬೆಂಕಿಪೊಟ್ಟಣ, ಲೈಟರುಗಳ ರಾಶಿ. ಒಂದು ಪೊಟ್ಟಣ ಜಾರಿ ಅಧಿಕಾರಿಯ ಕಾಲ ಬಳಿಯೇ ಬಿತ್ತು.

ಅಧಿಕಾರಿ ಬೆನ್ನು ತಿರುಗಿಸದೆ ಹಿಂದೆ ಹಿಂದೆ ನಡೆದು ಅಂಗಳ ಸೇರಿದರು. ನಾನು ಮಾಡಿದ್ದೇನೆಂದು ನನಗೆ ಹೊಳೆದದ್ದು ಆಗ. ಗೋಡೆಯಾಚೆ ಹೆಂಗಸರೆಲ್ಲ ಕೂತು ಪ್ಯಾಕ್ ಮಾಡುತ್ತಿದ್ದರು. ಅವರಿವರ ಜೇಬಿನಲ್ಲಿ ಚದುರಿಹೋಗಿದ್ದ ಅಪಾಯವನ್ನೆಲ್ಲ ನಾನೇ ಕಷ್ಟಪಟ್ಟು ಒಟ್ಟುಮಾಡಿ, ಸೆಂಟಿನ ತಲೆಯ ಮೇಲೆ ಕೂರಿಸಿ, ಬೀಗ ಹಾಕಿದ್ದೆ. ನಾಚಿಕೆಯಿಂದ ಸತ್ತೇಹೋದೆ.

ಸುರೇಶ ಕೈಮುಗಿದು ನಿಂತಿದ್ದ. ಅಧಿಕಾರಿ ಸುಧಾರಿಸಿಕೊಂಡು, “ಬೇರೆಲ್ಲಾ ಚೆನ್ನಾಗಿದೆ, ಆರ್ಡರ್ ಕೊಡ್ತೀವಿ. ಆದ್ರೆ ಬೀರೂನಲ್ಲಿರೋ ಬೆಂಕಿಪೊಟ್ಟಣ, ಲೈಟರ್ ಎಲ್ಲಾ ಈಗ್ಲೇ ಹೊರಗೆ ಹಾಕ್ಸಿ,” ಎಂದರು. ನನ್ನ ಕಡೆ ನೋಡಿ, “ಇವರನ್ನೂ,” ಎಂದು ಸೇರಿಸಿದರು.

ಆರ್ಡರ್ ಬಂತು, ಯಾರ ಕೆಲಸವೂ ಹೋಗಲಿಲ್ಲ. ನನ್ನನ್ನು ಮನೆಗೆ ಕಳಿಸುತ್ತೇನೆಂದು ಸುರೇಶ ಫೋನ್ ಮಾಡಿದರೆ, ಕೊಟ್ಟ ಮಾಲು ವಾಪಸ್ ತಗೊಳ್ಳಲ್ಲ ಎಂದುಬಿಟ್ಟಳು ವಸಂತಾ. ಪಾಪ, ಅವನೇನು ಮಾಡಿಯಾನು? ಗೇಟಿನ ಪಕ್ಕದ ಹೊಂಗೆಮರದ ಕೆಳಗೆ ನನಗೊಂದು ಕುರ್ಚಿ ಹಾಕಿಸಿದ್ದಾನೆ. ಸ್ಫೋಟಕ ವಸ್ತುವನ್ನು ಹೇಗೆ ಇಡಬೇಕೋ ಹಾಗೆಯೇ ನನ್ನನ್ನು ಇಟ್ಟಿದ್ದಾನೆ: ನೆರಳಿನಲ್ಲಿ, ಗಾಳಿಯಾಡುವ ಕಡೆ, ಜನರಿಂದ ದೂರ.