ಕಾಂಡ್ಲಾ ಕಾಡಿಗೆ ಎರಡು ಸೀಟು

ದರ್ಜಿ ಮಾಡಿದ ತಪ್ಪು ಒಂದೇ. ಆ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತ ಎದುರು ಮನೆಯ ಎನ್‌ಕ್ವೈರಿ ಮಾವನನ್ನು ಒಂದು ಪ್ರಶ್ನೆ ಕೇಳಿಬಿಟ್ಟ.

ಮಾವ ಮೂವತ್ತು ವರ್ಷ ರೈಲು ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು. ಅಷ್ಟು ವರ್ಷ ಊರಿನವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸಾಕಾಗಿ, ಈಗ ಊರಿನವರನ್ನೇ ಪ್ರಶ್ನೆ ಕೇಳಿ ಸೇಡು ತೀರಿಸಿಕೊಳ್ಳುತ್ತಿದ್ದರು.

"ಮಾವ, ಕಾಂಡ್ಲಾ ಕಾಡಿನ ಕಡೆ ಹೋಗೋ ರೈಲು ಎಷ್ಟೊತ್ತಿಗೆ?"

"ನದಿ ಸಮುದ್ರ ಸೇರೋ ಕಡೆ, ಉಪ್ಪುನೀರಲ್ಲಿ ಬೇರು ಮೇಲೆ ಮಾಡ್ಕೊಂಡು ನಿಂತಿರತ್ತಲ್ಲ, ಆ ಕಾಡಾ? ಯಾರು ಹೋಗೋದು? ಯಾವತ್ತು? ಯಾಕೆ?"

"ನಾನು, ಅಮ್ಮ. ಬರೋ ಸೋಮವಾರ. ಮೂರು ದಿನ ದೋಣೀಲಿ ಸುತ್ತಾಟ, ಎರಡು ಸೀಟು ಹಿಡಿದಿದೀನಿ. ಅಮ್ಮಂಗೆ ಇನ್ನೂ ಗೊತ್ತಿಲ್ಲ, ನೀವೂ ಹೇಳ್ಬೇಡಿ."

"ನಾನಾ? ಹೇಳೋದಾ?" ಎನ್ನುತ್ತ ಮಾವ ಹೊರಟೇಬಿಟ್ಟರು. ಹೋದ ವೇಗ ನೋಡಿಯೇ ದರ್ಜಿಗೆ ತಪ್ಪಿನ ಅರಿವಾಯಿತು.

ಅಮ್ಮ ಹುಟ್ಟಿ ಬೆಳೆದದ್ದು ಆ ನದಿಗಳ ಸೀಮೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಇದೇ ಹೊಲಿಗೆ ಮಿಷನ್ನು ತುಳಿದು ಮಗನನ್ನು ಸಾಕಿದವಳು. ಅವನು ಚಿಕ್ಕವನಿದ್ದಾಗ ಅನ್ನ ಕಲಸಿಕೊಂಡು ಕೂತರೆ ಸಾಕು, ಅವಳ ಕತೆ ಶುರು. ದಿನಕ್ಕೆರಡು ಸಲ ನೀರು ಹೊಸ್ತಿಲ ತನಕ ಬಂದು ಮನೆಯವರನ್ನು ವಿಚಾರಿಸಿಕೊಂಡು ಹೋಗುವುದು. ಅದು ಇಳಿದಾಗ ಕೆಸರಿನಿಂದ ಬೇರುಗಳು ಬೆರಳಿನ ಹಾಗೆ ಎದ್ದು ಉಸಿರಾಡುವುದು. ಮಗನಿಗೀಗ ನಲವತ್ತೆಂಟು. ಮದುವೆಯಾಗಲಿಲ್ಲ, ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಹೋದ ತಿಂಗಳು ಅಮ್ಮ ಮಹಡಿಯ ಮೆಟ್ಟಿಲಲ್ಲಿ ಅರ್ಧಕ್ಕೇ ಕೂತು ಸುಧಾರಿಸಿಕೊಳ್ಳುವುದನ್ನು ಕಂಡಾಗ, ಇನ್ನು ತಡಮಾಡಬಾರದು ಎಂದುಕೊಂಡ. ದೋಣಿಯವನಿಗೆ ಫೋನು ಮಾಡಿ, ಮೂರು ದಿನ ನೀರಿನ ಮೇಲೇ ಇರುವ ಸುತ್ತಾಟಕ್ಕೆ ಉಳಿದಿದ್ದ ಎರಡೇ ಸೀಟು ಹಿಡಿದಿದ್ದ.

ಒಂದು ಗಂಟೆಯೊಳಗೆ ಔಷಧಿ ಅಂಗಡಿಯವರು ಒಂದು ಚೀಲ ಹೊತ್ತು ಬಂದರು. "ಇದು ಸೊಳ್ಳೆಗೆ, ಇದು ಜ್ವರಕ್ಕೆ, ಇದು ವಾಂತಿಗೆ. ಇದು ಮೊಸಳೆ ಕಚ್ಚಿದ್ರೆ."

"ಮೊಸಳೆ ಕಚ್ಚಿದ್ರೆ ಮುಲಾಮು ಹಚ್ಚೋದಾ?"

"ಉಳಿದ ಭಾಗಕ್ಕೆ" ಎಂದರು ಅವರು ಗಂಭೀರವಾಗಿ.

ಬಾಯಿಂದ ಬಾಯಿಗೆ ಹೋದ ಮಾತು ಹಳೆಯ ಉಣ್ಣೆ ಅಂಗಿಯ ಹಾಗೆ ಜಗ್ಗುತ್ತ ಹೋಗುತ್ತದೆ. ದರ್ಜಿ ಊರಿಗೆ ಹೋಗುತ್ತಾನೆ ಎಂಬುದು ಬೀದಿಯ ತಿರುವು ದಾಟುವಾಗ ದರ್ಜಿ ಊರು ಬಿಡುತ್ತಾನೆ ಎಂದಾಗಿತ್ತು. ಬ್ಯಾಂಡ್ ಮಾಸ್ಟರು ಏದುಸಿರು ಬಿಡುತ್ತ ಓಡಿಬಂದರು.

"ನಮ್ಮ ಹನ್ನೆರಡು ಕೋಟು ಎಲ್ಲಿ?"

"ಇನ್ನೂ ತೋಳು ಕೂರಿಸಿಲ್ಲ ಸಾರ್. ಭಾನುವಾರ ಕೊಡ್ತೀನಿ."

"ಓಡಿ ಹೋಗೋರು ಎಲ್ಲರೂ ಭಾನುವಾರಾನೇ ಹೇಳೋದು!" ಎಂದು ಅವರು ಹನ್ನೊಂದು ಕೋಟನ್ನು ಬಗಲಿಗಿಟ್ಟು, ಹನ್ನೆರಡನೆಯದನ್ನು ಗುಂಡುಸೂಜಿಗಳ ಸಮೇತ ತೊಟ್ಟೇ ನಡೆದರು. ಹೆಜ್ಜೆಗೊಂದು "ಅಯ್ಯಪ್ಪಾ" ಬೀದಿಯ ತುದಿಯವರೆಗೂ ಕೇಳಿಸಿತು. ಆ ಕೂಗಿಗೆ ಉಳಿದ ಗಿರಾಕಿಗಳೂ ಎಚ್ಚೆತ್ತರು. ಒಬ್ಬಾಕೆ ತನ್ನದಲ್ಲದ ರವಿಕೆ ಒಯ್ದಳು. ಯಾರದೋ ಪ್ಯಾಂಟಿನ ಒಂದೊಂದು ಕಾಲನ್ನು ಇಬ್ಬರು ಹಿಡಿದು ಎಳೆದರು.

ಮಧ್ಯಾಹ್ನದ ಹೊತ್ತಿಗೆ ಮಾತು ಇನ್ನೊಂದು ಸುತ್ತು ಹಾಕಿ ಬಂತು. ಈ ಸಲ ಬಂದ ಜನ ಬಟ್ಟೆ ಕೇಳಲಿಲ್ಲ, ಸುಮ್ಮನೆ ಬಾಗಿಲಲ್ಲಿ ನಿಂತು ದುರುಗುಟ್ಟಿದರು.

"ಹೆತ್ತ ತಾಯಿನ ಕಾಡಲ್ಲಿ ಬಿಟ್ಟು ಬರೋಕೆ ಮನಸ್ಸಾದ್ರೂ ಹೇಗೆ ಬಂತಪ್ಪಾ?" ಎಂದಳು ಬೇಕರಿಯ ಅಕ್ಕ.

ದರ್ಜಿ ಕೈಯಲ್ಲಿದ್ದ ಕತ್ತರಿ ಬದಿಗಿಟ್ಟು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತಿ ನಿಂತ. ಜನ್ಮದಲ್ಲಿ ನಾಲ್ಕು ಜನರೆದುರು ಮಾತಾಡಿದವನಲ್ಲ.

"ಬಿಟ್ಟು ಬರೋಕಲ್ಲ, ತೋರಿಸೋಕೆ! ಹುಟ್ಟಿದ ಮನೆ ಅದು ಅವಳಿಗೆ. ಈ ಮಿಷನ್ ಮುಂದೆ ಕೂತು ಕೂತು ಸೊಂಟ ಬಗ್ಗೋಯ್ತು, ಒಂದು ದಿನ ನಂಗೆ ಇದು ಬೇಕು ಅಂದಿಲ್ಲ. ಆ ನೀರಿನ ವಿಷಯ ಹೇಳುವಾಗ ಮಾತ್ರ ಅವಳ ಮುಖ ಬೇರೆ ಥರ ಆಗೋದು. ಕಾಲಲ್ಲಿ ಶಕ್ತಿ ಇರೋವಾಗ್ಲೇ ಒಂದ್ಸಲ ನೋಡ್ಲಿ ಅಂತ. ಅಷ್ಟೇ."

ಔಷಧಿ ಅಂಗಡಿಯವರು ಮುಲಾಮಿನ ಡಬ್ಬಿ ಹಿಡಿದ ಕೈಯಿಂದಲೇ ಕಣ್ಣು ಒರೆಸಿಕೊಂಡರು. ಬೇಕರಿಯ ಅಕ್ಕ ಮೂಗು ಸೀಟಿದಳು.

ಆಗ ಒಳಗಿನ ಮೆಟ್ಟಿಲಿಂದ ಅಮ್ಮನ ದನಿ ಬಂತು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.

"ಲೋ, ಕೆಳಗಿಳಿ. ನಾನು ಅಲ್ಲಿಗೆ ಹೋಗ್ಬೇಕು ಅಂತ ನಿಂಗೆ ಯಾವಾಗ ಹೇಳಿದ್ದೆ?"

"ಅಲ್ಲಮ್ಮಾ... ಅಷ್ಟೊಂದು ಕತೆ ಹೇಳ್ತಿದ್ದೆ..."

"ಕತೆ ಹೇಳ್ದೆ ಇದ್ರೆ ನೀನು ಬಾಯಿ ತೆಗೀತಿದ್ಯಾ? ಬರೀ ಸಾರನ್ನ ಮೂರು ಹೊತ್ತೂ ತಿನ್ನಿಸ್ಬೇಕಿತ್ತಲ್ಲ. ಆ ಕೆಸರು, ಆ ಸೊಳ್ಳೆ! ನೀರು ಹೊಸ್ತಿಲಿಗೆ ಬಂದು ಹೋಗ್ತಿತ್ತು ಅಂತ ಹೇಳ್ತಿದ್ದೆ ನೋಡು, ಹೋದ್ಮೇಲೆ ಆ ಹೊಸ್ತಿಲು ತೊಳೀತಿದ್ದೋಳು ನಾನು. ಅಲ್ಲಿಂದ ತಪ್ಪಿಸ್ಕೊಂಡ್ರೆ ಸಾಕು ಅಂತ ನಿಮ್ಮಪ್ಪನ ಮುಖಾನೂ ಸರಿಯಾಗಿ ನೋಡ್ದೆ ಮದ್ವೆ ಆದೆ."

ಯಾರೋ ಕಿಸಕ್ಕೆಂದರು. ದರ್ಜಿ ಮೇಜಿನಿಂದ ಇಳಿದ. ನಲವತ್ತು ವರ್ಷ ಆ ನೀರನ್ನು ಕನಸಿನಲ್ಲಿ ಕಂಡದ್ದು ಯಾರು ಎಂಬುದು ಅವನಿಗೆ ಆಗಷ್ಟೇ ಹೊಳೆಯಿತು. ಅಮ್ಮನಿಗೂ ಹೊಳೆದಿರಬೇಕು. ಅವನ ಹೆಗಲ ಮೇಲಿದ್ದ ದಾರದ ಎಳೆ ತೆಗೆಯುತ್ತ ದನಿ ತಗ್ಗಿಸಿದಳು.

"ನೀನು ಹೋಗು. ನೋಡ್ಕೊಂಡು ಬಂದು ನಂಗೆ ಹೇಳು. ಊಟಕ್ಕೆ ಔಷಧಿ ಅಂಗಡಿ ಮನೆಯೋರು ಕರೆದಿದಾರೆ. ನನ್ನ ಚಿಂತೆ ಬೇಡ."

ಅವನ ಎದೆ ಹಗುರಾಯಿತು. ಮೂರು ದಿನ. ಒಬ್ಬನೇ. ನೀರು, ಬೇರು, ಮೌನ. "ಹಾಗಾದ್ರೆ ಇನ್ನೊಂದು ಸೀಟು ಬೇಡ ಅಂತ ಫೋನ್ ಮಾಡ್ತೀನಿ."

"ಬೇಡ, ಅದು ಕೊಟ್ಟಾಯ್ತು. ಬೆಳಿಗ್ಗೆನೇ ಒಬ್ರು ಹಿತ್ತಲ ಕಡೆಯಿಂದ ಮೇಲೆ ಬಂದು, 'ಅಮ್ಮಾ, ಸೋಮವಾರ ಎಷ್ಟೊತ್ತಿಗೆ ಹೊರಡ್ತೀರಿ?' ಅಂತ ಕೇಳಿದ್ರು. ನಂಗೆ ವಿಷಯ ಗೊತ್ತಾಗಿದ್ದೇ ಹಾಗೆ. ನಾನು ಹೋಗಲ್ಲ, ನೀವೇ ಹೋಗಿ ಅಂದೆ. ನಿನ್ನೊಬ್ಬನ್ನೇ ಕಳಿಸೋಕೆ ಆಗತ್ತಾ?"

ಜನರನ್ನು ಸರಿಸಿಕೊಂಡು ಎನ್‌ಕ್ವೈರಿ ಮಾವ ಒಳಗೆ ಬಂದರು. ಹೊಸ ಟೋಪಿ, ಕೊರಳಲ್ಲಿ ದುರ್ಬೀನು.

"ದೋಣೀಲಿ ಎಡಗಡೆ ಕೂರೋಣ್ವಾ, ಬಲಗಡೆನಾ? ನಿಂಗೆ ಗೊರಕೆ ಇದ್ಯಾ? ಮಧ್ಯದಲ್ಲಿ ಎಲ್ಲೂ ಇಳಿಯೋಕೆ ಬಿಡಲ್ವಂತೆ, ನಿಜಾನಾ?"

ದರ್ಜಿ ಆ ಟೋಪಿಯನ್ನೊಮ್ಮೆ, ದುರ್ಬೀನನ್ನೊಮ್ಮೆ ನೋಡಿದ.

"ಮಾವ, ನಿಮಗೆ ಈಜು ಬರತ್ತಾ?"

"ಇಲ್ಲಪ್ಪ. ಯಾಕೆ? ನಿಂಗೆ ಬರತ್ತಾ?"

"ಇಲ್ಲ" ಎಂದು ನಿಟ್ಟುಸಿರಿಟ್ಟು ದರ್ಜಿ ಅಲ್ಲೇ ಕುಸಿದು ಕೂತ.