ಕುದುರಿ ಕೊಟ್ಟು ತಂದ ಫಟಫಟಿ

ನಮ್ಮ ಬ್ರಹ್ಮಪುರದ ಗಲ್ಲಿಯೊಳಗ ಒಂದು ಮನಿಗೆ ಹೊಸಾ ವಸ್ತು ಬಂತಂದ್ರ ಬಾಜು ಮನ್ಯಾಗ ಅವತ್ತು ಸಾರಿಗೆ ಉಪ್ಪು ಎರಡು ಸಲ ಬೀಳ್ತದ. ನಾ ಮದ್ವಿ ಆಗಿ ಬಂದಾಗಿಂದ ನೋಡ್ಲಾಕತ್ತೀನಿ, ಒಂದು ವರ್ಷನೂ ತಪ್ಪಿಲ್ಲ. ಉಪ್ಪು ಎರಡು ಸಲ ಬೀಳೋ ಮನಿ ಯಾವಾಗ್ಲೂ ನಮ್ದೇ.

ಬಾಜು ಮನಿ ಸಾವಕಾರ ಎಣ್ಣಿ ಗಾಣದವ. ಅವನ ಹೆಣ್ತಿ ಸಾವಕಾರ್ತಿ ಮತ್ತ ನಾನು, ಇಬ್ಬರ ತವರಮನಿನೂ ಕಮಲಾಪುರ, ಇಬ್ಬರದೂ ಒಂದೇ ಓಣಿ. ಸಣ್ಣವರಿದ್ದಾಗ ಆಕಿ ಕೈಯಾಗ ಎರಡು ಕೆಂಪು ಬಾಳಿಹಣ್ಣು ಇದ್ರ ನನ್ನ ಕೈಯಾಗ ಒಂದೇ. ಮದ್ವಿ ಆಗಿ ಎಂಟು ಹರದಾರಿ ದೂರ ಕಲಬುರಗಿಗೆ ಬಂದ್ರೂ ದೇವರು ನಮ್ಮಿಬ್ಬರ ನಡುವ ಒಂದೇ ಗ್ವಾಡಿ ಇಟ್ಟ. ಆಕಿಗೆ ಹಿತ್ತಾಳಿ ಹಂಡೆ ಬಂತು, ನುಂಗಿದೆ. ಆಳೆತ್ತರದ ಕನ್ನಡಿ ಬಂತು, ನುಂಗಿದೆ. ನನ್ನ ಗಂಡ ಟಾಂಗಾ ಹೊಡಿಯೋವ. ಗಲ್ಲಿಯೊಳಗ ಯಾರು ಎಲ್ಲಿಗೆ ಹೋಗ್ಬೇಕಂದ್ರೂ ನಮ್ಮ ಟಾಂಗಾನೇ ಬೇಕು. ನನಗಿದ್ದ ದೌಲತ್ತು ಅದೊಂದೇ. ಅದನ್ನೂ ಮೀರಸ್ಲಾಕ ಆಕಿ ಫಟಫಟಿ, ಅಂದ್ರ ಮೋಟರ್ ಸೈಕಲ್ಲು, ತಂದ್ಲು ನೋಡ್ರಿ, ಅದು ಮಾತ್ರ ಗಂಟಲಾಗ ಇಳೀಲಿಲ್ಲ. ನಾ ಕಲ್ತದ್ದು ಎರಡನೇ ಇಯತ್ತೆ. ಹೆಂಗ ಮಾತಾಡ್ತೀನೋ ಹಂಗೇ ಹೇಳ್ತೀನಿ, ಕೇಳ್ರಿ.

ಸೊಸಿ ಬಂದಂಗ ಬಂತು

ನಿಜಾಮರ ಸರ್ಕಾರದ ಸಡಕಿನ ಸಾಹೇಬ ಒಬ್ಬಾಂವ ಕಮಲಾಪುರದಾಗ ಇದ್ದ. ವರ್ಗ ಆಗಿ ಹೋಗುವಾಗ ಅವನ ಫಟಫಟಿ ನಿಂತುಬಿಡ್ತು. ಸಾವಕಾರ್ತಿ ಅಪ್ಪನ ಕಡಿಂದ ಒಂದು ಕುದುರಿ ತಗೊಂಡು, ಆ ಕಬ್ಬಿಣ ಅವರ ಕಣದ ಕೊಟ್ಟಿಗ್ಯಾಗ ಬಿಟ್ಟು ಹೋದ. ಏಳು ವರ್ಷ ಅದು ತೊಗರಿ ಕಟಗಿ ಬುಡಕ ಮಲಗಿತ್ತು. ಈಗ ಆಕಿ ತಂಗಿ ಮದ್ವಿ ಗೊತ್ತಾಗಿ ಕೊಟ್ಟಿಗಿ ಖಾಲಿ ಮಾಡುವಾಗ, ಅಪ್ಪ ಅದನ್ನ ದೊಡ್ಡ ಅಳಿಯಗ ಕೊಟ್ಟ.

ಎತ್ತಿನ ಬಂಡಿ ಮ್ಯಾಲ ಹಗ್ಗ ಬಿಗಿದು ತಂದ್ರು. ಗಾಲಿ ಟಾಯರ ಸೀಳಿ ಹೋಗಿತ್ತು, ಪೆಟ್ರೋಲಿನ ಟಾಕಿ ತುಕ್ಕು ಹಿಡಿದಿತ್ತು. ಸಾವಕಾರ್ತಿ ಆರತಿ ತಾಟು ಹಿಡ್ಕೊಂಡು ಬಾಗಲ್ದಾಗ ನಿಂತಿದ್ಲು. ಗಲ್ಲಿ ಮಂದಿ ಎಲ್ಲಾ ಕೂಡಿತ್ತು. ನಾ ಸುಮ್ಕಿರ್ಲಾರದೆ ಕೇಳ್ದೆ, "ಏನವ್ವಾ, ಇದು ತಾನೇ ಓಡ್ತದಂತಲ್ಲ, ಮತ್ತ ಎತ್ತು ಯಾಕ ಬೇಕಾದ್ವು?"

ಆಕಿ ನನ್ನ ಕಡಿ ತಿರುಗಿನೂ ನೋಡ್ಲಿಲ್ಲ. "ಅಕ್ಕಾ, ಹೊಸಾ ಸೊಸಿ ಗಂಡನ ಮನಿಗೆ ನಡ್ಕೊಂತ ಬರ್ತಾಳೇನ? ಇನ್ನ ಒಂದು ತಿಂಗಳಿಗೆ ತಂಗಿ ಮದ್ವಿ ಅದ. ನಮ್ಮ ಮನಿಯವರು ನನಗ ಇದರ ಮ್ಯಾಲೇ ಕೂಡಿಸ್ಕೊಂಡು ತವರಮನಿ ಹಂದರದ ಮುಂದ ಇಳಸ್ತಾರ. ಇಳಸ್ಲಿಲ್ಲಂದ್ರ ನಿಮ್ಮ ಟಾಂಗಾದಾಗ ಹಿಂದ, ಹುಲ್ಲಿನ ಚೀಲದ ಮ್ಯಾಲ ಕೂತು ಬರ್ತೀನಿ, ತಗೋ!"

"ಗಂಡನ ಬೆನ್ನಿಗೆ ಹತ್ತಿ ಕೂತು ಊರು ಹಾಯ್ತಾಳಂತ, ನಾಚಿಕಿಲ್ಲದಾಕಿ" ಅಂತ ನಾ ಎಂಟು ಮನಿಗೆ ಹೋಗಿ ಹೇಳಿ ಬಂದೆ. ಒಂಬತ್ತನೇ ಮನಿ ನಮ್ದು. ಅಲ್ಲಿ ನನ್ನ ಗಂಡಗ ಹೇಳಿದ್ದು ಬ್ಯಾರೆ: "ನೀವೂ ಒಂದು ತರ್ರಿ."

ಗ್ವಾಡಿ ಮ್ಯಾಲಿಂದ ಇಣುಕಿದ್ದಕ್ಕ

ರಿಪೇರಿ ಮಾಡ್ಲಾಕ ರೋಜಾ ಮೊಹಲ್ಲಾದ ಕಡಿಂದ ಒಬ್ಬ ಮುದುಕ ಮಿಸ್ತ್ರಿ ಬಂದ. ಹೊಲಿಗಿ ಮಿಶನ್, ಗಡಿಯಾರ, ಬಂದೂಕು ಎಲ್ಲಾ ರಿಪೇರಿ ಮಾಡೋವ. ಫಟಫಟಿ ಮಾತ್ರ ಮೊದಲನೇ ಸಲ. ಹಿತ್ತಲದಾಗ ಗಾಡಿ ಬಿಚ್ಚಿ ಒಂದೊಂದೇ ಸಾಮಾನು ಚಾದರ ಮ್ಯಾಲ ಹರವಿದ. ಹಳೇ ಪೆಟ್ರೋಲು ಬೆಲ್ಲದ ಪಾಕಿನಂಗ ಆಗಿತ್ತು. ತೊಳದ, ಒರಸಿದ, ಉಸುಕಿನ ಕಾಗದ ಹಾಕಿ ತಿಕ್ಕಿದ. ಸ್ಟೇಶನ್ನಿಂದ ಹೊಸಾ ಟಾಯರು, ಹೊಸಾ ಪೆಟ್ರೋಲಿನ ಡಬ್ಬಿ ಬಂದ್ವು. ನಾ ದಿನಾ ಒಳ್ಳಕಲ್ಲಿನ ಮ್ಯಾಲ ನಿಂತು ಗ್ವಾಡಿ ಆಚಿ ನೋಡ್ತಿದ್ದೆ. ನೋಡ್ಲಿಕ್ಕಲ್ಲ, ಕುಳ್ಳು ಒಣಗ್ಯಾವೇನಂತ.

ಎಂಟನೇ ದಿನ ಮಿಸ್ತ್ರಿ ಗಾಡಿ ಹಿಂದಿನ ಹೊಗಿ ಕೊಳವಿ ನಮ್ಮ ಗ್ವಾಡಿ ಕಡಿ ಮಾಡಿ ಒಂದು ಒದ್ದ. ಎರಡು ಒದ್ದ. ಮೂರನೇದಕ್ಕ 'ಢಂ!' ಅಂತು ನೋಡ್ರಿ, ನನ್ನ ಮಾರಿಗೆ, ಎದಿಗೆ, ತಲಿಗೆ ಏನೋ ಬಂದು ಬಡೀತು. ನಾ ಸತ್ತೆ ಅಂತ ಒದರಿ ಕೆಳಗ ಬಿದ್ದೆ. ಕಣ್ಣು ತೆರೆದು ನೋಡಿದ್ರ ಮೈತುಂಬ ತೊಗರಿ! ಮಿಸ್ತ್ರಿ ತೊಳೀಲಾಕ ಮರೆತ ಆ ಕೊಳವ್ಯಾಗ ಇಲಿಗಳು ಏಳು ವರ್ಷ ಸುಗ್ಗಿ ಮಾಡಿಟ್ಟಿದ್ವು. ಅದರ ಸಂಗಾಟ ಇಲಿ ಗೂಡಿನ ಹತ್ತಿ ಹಂಜಿನೂ ನನ್ನ ತುರುಬಿನ್ಯಾಗೇ ಬಂದು ಕೂತಿತ್ತು.

ಆಚಿಂದ ಸಾವಕಾರ್ತಿ ಒದರಿದ್ಲು, "ಅಕ್ಕಾ, ಪೆಟ್ಟಾತೇನ?"

ನಾ ಮಾನ ಉಳಿಸ್ಕೊಳ್ಲಾಕ, "ಯಾರಿಗಿ? ನಾ ಇಲ್ಲಿ ಇಲ್ಲೇ ಇಲ್ಲ!" ಅಂದೆ.

ಮಿಸ್ತ್ರಿ ನಗ್ಲಿಲ್ಲ. ತಣ್ಣಗ ಅಂದ, "ಅರೇ ಸಾವಕಾರ, ಇಲ್ಲಿ ಇಲ್ಲದವರಿಗಿ ಒಂದು ಕೇರೋ ಮರ ಕೊಡ್ರಿ. ತೊಗರಿ ಹಸನ ಮಾಡ್ಕೊಂತ ಕೂಡ್ಲಿ."

ಒದಿಕಿಗೆ ಒದಿಕಿ

ಮರುದಿನ ಸಾವಕಾರ ತಾನೇ ಚಾಲೂ ಮಾಡ್ತೀನಂತ ಧೋತರ ಕಚ್ಚಿ ಬಿಗಿದು ಒದ್ದ. ಅದು ಇವನಿಗೇ ತಿರುಗಿ ಒದೀತು. ಮೊಣಕಾಲು ಕುಂಬಳಕಾಯಿ ಆತು. ಸಾವಕಾರ್ತಿ ಬಾವಿಕಟ್ಟಿ ಮ್ಯಾಲ ಎಲ್ಲರಿಗೂ, "ಪಾವಟಿಗಿ ಜಾರಿ ಬಿದ್ದಾರ" ಅಂದ್ಲು.

ನಾ ಅಂದೆ, "ಹೌದವ್ವಾ, ನಿಮ್ಮ ಪಾವಟಿಗಿ ಒದಿಯೂದು ನಾನೂ ನೋಡೀನಿ. ಏಳು ವರ್ಷ ನಿದ್ದಿ ಮಾಡಿದ್ದಕ್ಕ ಎಬ್ಬಿಸಿದ್ರ ಯಾವ ಪಾವಟಿಗಿಗೂ ಸಿಟ್ಟು ಬರ್ತದ."

ಬಜಿ ವಾಸನಿ

ಗಾಡಿಗೆ ಒಳಗ ಬಿಡೋ ಎಣ್ಣಿ ಬ್ಯಾರೆನೇ ಇರ್ತದಂತ. ಹೈದರಾಬಾದಿಂದ ರೈಲಿನ್ಯಾಗ ತರಸ್ಬೇಕು, ಅಲ್ಲಿತನ ಮುಟ್ಬ್ಯಾಡ್ರಿ ಅಂತ ಮಿಸ್ತ್ರಿ ಹೇಳಿ ಹೋದ. ಎಣ್ಣಿ ಸಾವಕಾರಗ ಇದು ಅವಮಾನ ಆತು. "ಮೂರು ತಲಿಯಿಂದ ಗಾಣ ತಿರಗ್ಲಾಕತ್ತದ. ಇಡೀ ಕಲಬುರಗಿ ನಮ್ಮ ಕುಸುಬಿ ಎಣ್ಣಿ ಉಣ್ತದ. ನನ್ನ ಗಾಡಿಗಿ ಪರಊರ ಎಣ್ಣಿ ಹಾಕ್ಲಿ? ಮಂದಿ ಏನಂದಾರು?" ಅಂದವನೇ ಗಾಣದ ಹಸೀ ಎಣ್ಣಿ ಒಂದು ಸೇರು ಸುರುವಿದ.

ಖರೇ ಹೇಳ್ತೀನಿ, ಗಾಡಿ ಚಾಲೂ ಆತು. ಫಟ್ ಫಟ್ ಫಟ್ ಅಂತ ಗಲ್ಲಿ ನಡುಗಿತು. ಅಷ್ಟರಾಗ ಹೊಗಿ ಬಂತು, ಹೊಗಿ ಜೋಡಿ ವಾಸನಿ ಬಂತು. ಏನು ವಾಸನಿ ಅಂತೀರಿ! ಬಿಸಿ ಬಿಸಿ ಉಳ್ಳಾಗಡ್ಡಿ ಬಜಿ ಕರಿದಂಗ! ಮಂದಿ ಮೂಗು ಎತ್ಕೊಂಡು ಸಾವಕಾರನ ಬಾಗಲಿಗೆ ಬಂದ್ರು, ಏನು ಹಬ್ಬ, ಏನು ಕರೀಲಾಕತ್ತೀರಿ ಅಂತ. ಇಂಥಾ ಯಾಳಿ ನನಗ ಮತ್ತ ಸಿಗ್ತದೇನ? ಅಡಗಿಮನಿಗೆ ಓಡಿ ತಾಟು ತಗೊಂಡು ಮಂದಿ ಮುಂದ ಹೋಗಿ ನಿಂತೆ.

"ಸಾವಕಾರ್ತಿ, ಒಂದು ಘಾಣ ಬಜಿ ಇಳಿಸೀಯೇನ? ನಮ್ಮ ಮನಿಯವರು ಮೆಣಸಿನಕಾಯಿದು ಕೇಳ್ಯಾರ."

ಚೌಕದ ಮ್ಯಾಲಿಂದ

ಆ ಸಿಟ್ಟಿಗೆ ಸಾವಕಾರ ಅದೇ ಎಣ್ಣಿ ಮ್ಯಾಲ ಗಾಡಿ ಶರಣಸಿರಸಗಿ ಹಳ್ಳಿತನ ಹೊಡ್ಕೊಂಡು ಹೋದ. ಅಲ್ಲಿ ಹೋಗಿ ಒಂದು ತಾಸು ಬೀಗರ ಕೂಡ ಮಾತಾಡಿ, ತಿರುಗಿ ಬರಬೇಕಂದ್ರ ಗಾಡಿ ಅಲುಗವಲ್ದು. ಒದ್ರೂ ಇಲ್ಲ, ನೂಕಿದ್ರೂ ಇಲ್ಲ. ಸುದ್ದಿ ಬಂತು. ಸಾವಕಾರ್ತಿ ನಮ್ಮ ಬಾಗಲಿಗೆ ಬಂದು, ನೆಲ ನೋಡ್ಕೊಂತ, "ಅಕ್ಕಾ, ಟಾಂಗಾ ಸ್ವಲ್ಪ…" ಅಂದ್ಲು.

ನಾ ಅವತ್ತು ಇಳಕಲ್ ಸೀರಿ ಉಟ್ಟೆ. ಗಂಡ ಕೇಳ್ದ, "ನೀ ಎಲ್ಲಿಗಿ?"

"ಬರೇ ಕುದುರಿ ಕಳಿಸಿದ್ರ ಚೊಲೊ ಕಾಣ್ಸಂಗಿಲ್ಲ" ಅಂದೆ.

ಟಾಂಗಾಕ್ಕ ಹಗ್ಗ ಕಟ್ಟಿ ಫಟಫಟಿ ಎಳ್ಕೊಂಡು ಬಂದ್ವಿ. ಮುಂದ ನಾನು, ಹಿಂದ ಫಟಫಟಿ ಮ್ಯಾಲ ತಲಿ ತಗ್ಗಿಸಿ ಕೂತ ಸಾವಕಾರ. ನಾ ಗಂಡನ ಕಿವ್ಯಾಗ ಹೇಳ್ದೆ, "ಸೀದಾ ದಾರಿ ಬ್ಯಾಡ, ಚೌಕದ ಮ್ಯಾಲಿಂದ ಹಾಯಸ್ರಿ." ಹಾಯಿಸಿದ. "ಇನ್ನೊಮ್ಮೆ" ಅಂದೆ. ಆಗ ಗಂಡ ಅಂದ, "ಕುದುರಿಗೂ ನಾಚಿಕಿ ಬರ್ಲಾಕತ್ತದ, ಸುಮ್ಕ ಕೂಡು."

ಮಿಸ್ತ್ರಿ ಬಂದು ಗಾಡಿ ಬಿಚ್ಚಿ ನೋಡಿ ಹಣಿ ಬಡ್ಕೊಂಡ. ಕುಸುಬಿ ಎಣ್ಣಿ ಕಾದು ಕಾದು ಒಳಗೆಲ್ಲಾ ಅಂಟು ಆಗಿತ್ತು. "ಸಾವಕಾರ, ಇದು ಬಾಗಲಕ್ಕ ಹಚ್ಚೋ ರೋಗನ್ ಆಗ್ಯಾದ. ಗಾಡಿ ಓಡೂದಿಲ್ಲ ಖರೇ, ಆದ್ರ ಒಳಗ ಮಿಂಚ್ಲಾಕತ್ತದ!"

ಔಡಲೆಣ್ಣಿ

ಮದ್ವಿಗೆ ಎರಡೇ ದಿನ ಉಳಿದಿದ್ವು. ಮಿಸ್ತ್ರಿ ಚಿಮಣಿ ಎಣ್ಣಿ ಹಾಕಿ ತಿಕ್ಕಿ ತಿಕ್ಕಿ ಅಂಟು ಬಿಡಿಸಿದ. ಆದ್ರ ಹೈದರಾಬಾದಿನ ಎಣ್ಣಿ ಬರಲೇ ಇಲ್ಲ. ಸಾವಕಾರ್ತಿ ಹಿತ್ತಲದಾಗ ಕೂತು ಅಳೂದು ಗ್ವಾಡಿ ಈಚಿ ಕೇಳ್ತಿತ್ತು. "ತವರಮನಿಯವರಿಗೆ ಹೇಳಿ ಕಳಿಸೀನಿ. ಹಂದರದ ಮುಂದ ಜಾಗಾ ಬಿಟ್ಟಾರಂತ. ಈಗ ಹುಲ್ಲಿನ ಚೀಲದ ಮ್ಯಾಲ ಹೆಂಗ ಹೋಗ್ಲಿ?"

ನನಗ ಪಾಪ ಅನಿಸ್ಲಿಲ್ಲ. ಸುಳ್ಳು ಯಾಕ ಹೇಳ್ಲಿ? ಇನ್ನ ಎರಡು ದಿನದಾಗ ಎಣ್ಣಿ ಬಂದುಬಿಟ್ರ ಹೆಂಗ ಅನ್ನೋದೇ ನನ್ನ ಚಿಂತಿ. ಕುದುರಿಗೆ ಹೊಟ್ಟಿ ಕಟ್ಟಿದ್ರ ಕುಡಸ್ಲಾಕ ಇಟ್ಟ ಔಡಲೆಣ್ಣಿ, ಅದೇ ಹರಳೆಣ್ಣಿ, ಗ್ವಾಡಿ ಮಾಡದಾಗ ಇತ್ತು, ಜೇನುತುಪ್ಪದಂಗ ದಪ್ಪಂದು. ತೆಳ್ಳಂದು ಕುಸುಬಿ ಎಣ್ಣಿನೇ ರೋಗನ್ ಆಗಿದ್ರ ಇದು ಗಚ್ಚೇ ಆಗ್ತದ, ಇನ್ನ ಏಳು ವರ್ಷ ಏಳಂಗಿಲ್ಲ ಅಂತ ಲೆಕ್ಕ ಹಾಕ್ದೆ. ಸೀಸೆ ತುಂಬಿಸ್ಕೊಂಡು ಹೋದೆ.

"ಅಳಬ್ಯಾಡವ್ವಾ. ಇದು ಹಾಕ್ಸು. ಒಳಗ ಕಟ್ಟಿದ್ದೆಲ್ಲಾ ಸಡಿಲ ಮಾಡ್ತದ. ಮನಶೇರಿಗಿ ಮಾಡ್ತದ, ಕುದುರಿಗಿ ಮಾಡ್ತದ, ಗಾಡಿಗಿ ಮಾಡಂಗಿಲ್ಲೇನ?"

ಆಕಿ ನನ್ನ ಕೈ ಹಿಡ್ಕೊಂಡು, "ನಮ್ಮೂರ ಕರುಳು ಅಂದ್ರ ಇದು ನೋಡು" ಅಂದ್ಲು. ನಾ ಕೈ ಬಿಡಿಸ್ಕೊಂಡು ಲಗೂನೇ ಬಂದೆ. ನಗು ತಡ್ಕೊಳ್ಳೂದು ಆಗ್ಲಿಲ್ಲ.

ಮದ್ವಿ ದಿನ ಹೊತ್ತು ಮೂಡುದ್ರಾಗ ನಾನೂ ಗಂಡನೂ ಟಾಂಗಾ ಕಟ್ಟಿದ್ವಿ. ಹಿಂದ ಹುಲ್ಲಿನ ಚೀಲ ಇಟ್ಟು, ಮ್ಯಾಲ ಒಂದು ಕೌದಿನೂ ಹಾಸೀನಿ, ಆಕಿ ನಮಗ ಕರೀಲಿ ಕರೀಲಿ ಅಂತ. ಕರೀಲೇ ಇಲ್ಲ. ನಾಚಿಕಿಗೆ ಮದ್ವಿಗೇ ಬರಂಗಿಲ್ಲ ಬಿಡು ಅಂತ ಹಾಡ್ಕೊಂತ ಹೊಂಟೆ.

ಐದು ಹರದಾರಿ ಹೋಗಿದ್ವಿ. ಬೇವಿನ ಗಿಡದ ಬುಡಕ ಕುದುರಿಗೆ ನೀರು ಕುಡಿಸಿ ಮತ್ತ ಹೂಡಿ ಕೂತಿದ್ವಿ. ಹಿಂದ ದೂರದಾಗ ಫಟ್ ಫಟ್ ಫಟ್. ನಾ ಯಾರೋ ಬಟ್ಟಿ ಒಗೀತಾರ ಅಂದೆ. ಗಂಡ, "ಇಲ್ಲಿ ಹಳ್ಳ ಎಲ್ಲದ?" ಅಂದ. ಅಷ್ಟರಾಗ ಬೆಳ್ಳನ ಹೊಗಿ ಬಂತು, ಔಡಲೆಣ್ಣಿ ವಾಸನಿ ಬಂತು. ಹೊಗಿ ನಡುವ ಸಾವಕಾರ, ಅವನ ಬೆನ್ನಿಗೆ ದಿಂಬಿನ ಮ್ಯಾಲ ಕೂತ ಸಾವಕಾರ್ತಿ, ಸೆರಗು ನಿಶಾನಿಯಂಗ ಹಾರ್ಲಾಕತ್ತಿತ್ತು. "ಅಕ್ಕಾ, ನಿನ್ನ ಎಣ್ಣಿ!" ಅಂತ ಕೈ ಬೀಸಿ ಹೋಗೇ ಬಿಟ್ಲು.

ನಮ್ಮ ಕುದುರಿ ಆ ಸಪ್ಪಳಕ್ಕ ಬೆದರಿ ಗರ್ರನ ತಿರುಗಿ ಕಲಬುರಗಿ ಕಡಿ ಓಡ್ತು. ಒಂದು ಹರದಾರಿ ಓಡಿದ ಮ್ಯಾಲೇ ನಿಂತದ್ದು.

ಕಮಲಾಪುರ ಮುಟ್ಟಿದಾಗ ಅಕ್ಷತಿ ಬಿದ್ದು ಪಂಗತಿ ಎದ್ದಿತ್ತು. ಹಂದರದ ಮುಂದ ಫಟಫಟಿಗೆ ಹೂವಿನ ಹಾರ ಹಾಕಿದ್ರು, ಊರಿಗಿ ಊರೇ ಸುತ್ತ ನಿಂತಿತ್ತು. ನನ್ನ ನೋಡಿ ಸಾವಕಾರ್ತಿ ಓಡಿ ಬಂದು ಎಲ್ಲರ ಮುಂದ ಒದರಿದ್ಲು, "ಇಕಿನೇ ನೋಡ್ರಿ! ಮಿಸ್ತ್ರಿ ಸೋತ, ಹೈದರಾಬಾದ ಸೋತಿತು, ಇಕಿ ಎಣ್ಣಿ ಗೆದ್ದದ! ದೊಡ್ಡ ದೊಡ್ಡ ಸಾಹೇಬರು ತಮ್ಮ ಗಾಡಿಗಿ ಔಡಲೆಣ್ಣಿನೇ ಹಾಕ್ತಾರಂತ, ಇಲ್ಲಿ ಬೀಗರಾಗ ಒಬ್ಬರು ಹೇಳಿದ್ರು. ಎರಡನೇ ಇಯತ್ತೆ ಕಲ್ತಾಕಿಗೆ ಹೆಂಗ ಗೊತ್ತಿತ್ತು ನೋಡ್ರಿ!" ಆಕಿ ಅಪ್ಪ ನನಗ ಸೀರಿ ಆಯೇರಿ ಮಾಡಿ, ಒಂದು ಗೊನಿ ಕೆಂಪು ಬಾಳಿಹಣ್ಣು ಉಡಿಗೆ ಹಾಕಿದ. ನಾ ನಗಬೇಕೋ ಅಳಬೇಕೋ ತಿಳೀದೆ ಹಲ್ಲು ತೆರೆದು ನಿಂತೆ.

ತಿರುಗಿ ಬರುವಾಗ ಟಾಂಗಾದಾಗ ನಾ ಗೊನಿ ತೊಡಿ ಮ್ಯಾಲ ಇಟ್ಕೊಂಡು ಕೂತೆ. ಎಣ್ಣಿ ಯಾಕ ಕೊಟ್ಟೀನಂತ ಗೊತ್ತಿದ್ದದ್ದು ಗಂಡಗೊಬ್ಬನಿಗೇ. ಅಂವ ಒಂದು ಬಾಳಿಹಣ್ಣು ಸುಲ್ಕೊಂಡು ತಿಂದ, ಸಿಪ್ಪಿ ಕುದುರಿಗೆ ಕೊಟ್ಟ, ಆಮ್ಯಾಲ ಭಾಳ ಪ್ರೀತಿಲೆ ಅಂದ:

"ಒಂದು ಮಾತು ನಡಸ್ತೀಯೇನ? ನಾಳಿಂದ ಒಂದೀಟು ನಮ್ಮ ಟಾಂಗಾದ ಮ್ಯಾಲೂ ಹೊಟ್ಟಿಕಿಚ್ಚು ಪಡು. ನಾವೂ ಜರಾ ಮುಂದ ಬರ್ತೀವಿ."